ಬೂದಿ ಕಾವಿಗೆ ಕೂತಾಗ

ಮೊಟ್ಟೆ ತೆಗೆಯೋಣ ಅಂತ ಗೂಡಿನೊಳಗೆ ಕೈ ಹಾಕಿದೆ, ಬೂದಿ ಕುಕ್ಕಿತು. ನಮ್ಮಲ್ಲಿರುವ ಕೋಳಿಗಳಲ್ಲೆಲ್ಲ ತೀರಾ ಪಾಪದ್ದು ಅಂದರೆ ಅದೇ. ಉಳಿದವು ತಿಂದು ಮುಗಿಸುವ ತನಕ ದೂರದಲ್ಲಿ ಒಂಟಿಕಾಲಲ್ಲಿ ನಿಂತು ಕಾಯುವ ಜೀವ. ಅಂಥದ್ದು ಮೈಯ ಪುಕ್ಕವನ್ನೆಲ್ಲ ಕೆದರಿಕೊಂಡು, ಇದ್ದದ್ದಕ್ಕಿಂತ ಎರಡರಷ್ಟು ದಪ್ಪವಾಗಿ, ಗಂಟಲಲ್ಲೇ ಗುರ್ ಅಂದು, ನನ್ನ ಮಣಿಕಟ್ಟಿನ ಚರ್ಮ ಹಿಡಿದು ತಿರುಚಿಬಿಟ್ಟಿತು. ರಕ್ತ ಬರಲಿಲ್ಲ, ಆದರೆ ನೀಲಿ ಗುರುತು ನಾಲ್ಕು ದಿನ ಇತ್ತು.

ಅಮ್ಮ ಅಡುಗೆಮನೆ ಕಿಟಕಿಯಿಂದಲೇ ನೋಡಿ, "ಕಾವು ಬಂದಿದೆ ಕಣೇ ಅದಕ್ಕೆ. ಸುಮ್ನೆ ಬಿಡು," ಅಂದಳು.

ಹಾಗಂತ ಮೊದಲ ದಿನವೇ ನಂಬಬಾರದು ಅಂತಲೂ ಅವಳೇ ಹೇಳಿದ್ದು. ಕೆಲವು ಕೋಳಿ ಒಂದು ಮಧ್ಯಾಹ್ನ ಗುರುಗುಟ್ಟಿಕೊಂಡು ಕೂತು ಸಂಜೆಗೆ ಎದ್ದು ಹೋಗುತ್ತವೆ. ರಾತ್ರಿ ಎಲ್ಲಿ ಮಲಗುತ್ತೆ ಅನ್ನುವುದೇ ಪರೀಕ್ಷೆ. ಕತ್ತಲಾದ ಮೇಲೆ ಎಲ್ಲವೂ ಅಡ್ಡಕೋಲು ಹತ್ತಿ ಕೂರುತ್ತವಲ್ಲ, ಆಗಲೂ ಗೂಡು ಬಿಟ್ಟು ಏಳದಿದ್ದರೆ ಅದು ನಿಜವಾದ ಕಾವು. ನಾನು ಟಾರ್ಚ್ ಹಿಡಿದು ಮೂರು ರಾತ್ರಿ ನೋಡಿದೆ. ಮೂರೂ ರಾತ್ರಿ ಬೂದಿ ಗೂಡಿನಲ್ಲೇ, ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ಅದರ ಕೆಳಗಿದ್ದದ್ದು ನಾನಿಟ್ಟ ಎರಡು ಪಿಂಗ್‌ಪಾಂಗ್ ಚೆಂಡು. ಎತ್ತಿ ನೋಡಿದರೆ ಎದೆಯ ಕೆಳಭಾಗದಲ್ಲಿ ಪುಕ್ಕವೇ ಇಲ್ಲ, ಬರೀ ಚರ್ಮ, ಮುಟ್ಟಿದರೆ ಜ್ವರ ಬಂದವರ ಹಣೆಯಷ್ಟು ಬಿಸಿ. ಮೊಟ್ಟೆಗೆ ಶಾಖ ನೇರವಾಗಿ ತಾಗಲಿ ಅಂತ ಆ ಜಾಗದ ಪುಕ್ಕ ಉದುರುತ್ತದೆ, ಕೋಳಿ ತಾನೂ ಕಿತ್ತುಕೊಳ್ಳುತ್ತದೆ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರಿದಾಗ ಆಗುವ ಬದಲಾವಣೆ ಇದೆಲ್ಲ. ನಮ್ಮಲ್ಲಿ ಬಾಣಂತಿಯರ ಎದೆಹಾಲಿಗೂ ಅದೇ ಹಾರ್ಮೋನು ಬೇಕು. ಬೂದಿಯ ಮುಂಗೋಪದ ಬಗ್ಗೆ ಆಮೇಲೆ ನಾನು ತಕರಾರು ಮಾಡಲಿಲ್ಲ.

ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಮೊಟ್ಟೆ ವ್ಯಾಪಾರಕ್ಕೆ ಅದು ನಷ್ಟ. ಹಾಗಾಗಿ ಲೆಗಾರ್ನ್‌ನಂಥ ತಳಿಗಳಲ್ಲಿ ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಬೆಳೆಸಿ, ತಲೆಮಾರುಗಳಲ್ಲಿ ಆ ಗುಣವನ್ನೇ ಹೆಚ್ಚುಕಡಿಮೆ ಅಳಿಸಿಬಿಟ್ಟಿದ್ದಾರೆ. ನಮ್ಮ ಬೂದಿ ಅಪ್ಪಟ ನಾಟಿ. ಯಾರೂ ಆರಿಸಿ ಬೆಳೆಸಿದ್ದಲ್ಲ.

ಈ ಸಂಭ್ರಮದ ಹಿಂದೆ ನನ್ನದೊಂದು ಹಳೆಯ ಸಾಲ ಇದೆ. ಎರಡು ವರ್ಷದ ಹಿಂದೆ ನಾನು ಇನ್‌ಕ್ಯುಬೇಟರ್ ತಂದು 24 ಮೊಟ್ಟೆ ಇಟ್ಟಿದ್ದೆ. ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿತು, 37.5 ಡಿಗ್ರಿ ಅಂದರೆ 37.5 ಡಿಗ್ರಿ. ಸರಿಯಿಲ್ಲದ್ದು ನನ್ನ ಕೈ. ಕೊನೆಯ ಎರಡು ದಿನ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿದೆ. ತೆಗೆದಾಗಲೆಲ್ಲ ಒಳಗಿನ ತೇವ ಆರಿಹೋಯಿತು. ತೇವ ಆರಿದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ, ಅದು ಒಳಗೆ ತಿರುಗಲಾರದೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡಿದ್ದ ಒಂದಕ್ಕೆ ಸಹಾಯ ಮಾಡುತ್ತೇನೆ ಅಂತ ಹೊರಟು ಉಗುರಿನಲ್ಲಿ ಚಿಪ್ಪು ಸುಲಿದೆ. ಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿತ್ತು. ಅಂಗೈ ಮೇಲೇ ಹೋಯಿತು. 24ರಲ್ಲಿ ಉಳಿದದ್ದು 9. ಬೂದಿ ಆ ಒಂಬತ್ತರಲ್ಲಿ ಒಂದು, ಅಂದರೆ ತಾಯಿಯ ರೆಕ್ಕೆ ಅಂದರೇನೆಂದು ಕಂಡೇ ಇರದ ಕೋಳಿ. ಅದಕ್ಕೆ ಕಾವು ಕೂರುವುದನ್ನು ಯಾರು ಹೇಳಿಕೊಟ್ಟರು?

ಈ ಸಲ ಒಂಬತ್ತೇ ಮೊಟ್ಟೆ ಇಡುವುದು ಅಂತ ತೀರ್ಮಾನಿಸಿದೆ. ಬೂದಿ ಚಿಕ್ಕ ಮೈಯ ಕೋಳಿ. ಹದಿನೈದು ಇಟ್ಟರೆ ಕೂರುತ್ತದೆ, ಆದರೆ ಅಂಚಿನವು ಹೊರಗೆ ಇಣುಕುತ್ತವೆ. ಅದು ದಿನವೆಲ್ಲ ಮೊಟ್ಟೆಗಳ ಜಾಗ ಬದಲಿಸುತ್ತಾ ಇರುವುದರಿಂದ ಇವತ್ತು ಅಂಚಿನಲ್ಲಿ ತಣ್ಣಗಾದದ್ದು ನಾಳೆ ನಡುವಿಗೆ ಬರುತ್ತದೆ, ನಡುವಿನದು ಅಂಚಿಗೆ. ಹೀಗೆ ಸರದಿ ಪ್ರಕಾರ ಎಲ್ಲವೂ ಕೆಡುತ್ತವೆ. ಕೆಳಗೆ ಪೂರ್ತಿ ಮುಚ್ಚುವಷ್ಟೇ ಇಡಬೇಕು.

ಒಂಬತ್ತು ಮೊಟ್ಟೆ ಒಟ್ಟುಮಾಡಲು ಆರು ದಿನ ಹಿಡಿಯಿತು. ಹುಂಜ ಜೊತೆಗಿರುವ ಹೇಟೆಗಳದ್ದೇ ಬೇಕು. ತೀರಾ ದೊಡ್ಡದು, ತೀರಾ ಚಿಕ್ಕದು, ಒರಟು ಚಿಪ್ಪಿನದು ಬೇಡ. ತೊಳೆಯಬಾರದು, ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಲೇಪವೊಂದಿರುತ್ತದೆ, ಸೂಕ್ಷ್ಮಾಣುಗಳನ್ನು ಹೊರಗೇ ತಡೆಯುವುದು ಅದೇ. ಚೂಪು ತುದಿ ಕೆಳಗೆ ಮಾಡಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆಯಲ್ಲಿಟ್ಟೆ. ಫ್ರಿಜ್ ಅಲ್ಲ. ತಂಪಿನಲ್ಲಿ ಭ್ರೂಣ ಬೆಳೆಯದೆ ಸುಮ್ಮನೆ ಕಾಯುತ್ತದೆ. ಹಾಗೆ ಒಂದು ವಾರ ಧಾರಾಳವಾಗಿ ಕಾಯುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಮರಿಯಾಗುವ ಸಾಧ್ಯತೆ ಕಡಿಮೆ. ಬಯಲಲ್ಲಿ ತಾನೇ ಪೊದೆ ಹುಡುಕಿ ಮೊಟ್ಟೆ ಇಡುವ ಕೋಳಿಯೂ ಮಾಡುವುದು ಇದನ್ನೇ. ದಿನಕ್ಕೊಂದರಂತೆ ಇಟ್ಟು ಎದ್ದು ಹೋಗುತ್ತದೆ, ಗೂಡು ತುಂಬಿದ ಮೇಲೆ ಕೂರುತ್ತದೆ. ಹಾಗಾಗಿ ಮೊದಲ ಮೊಟ್ಟೆಗೂ ಕೊನೆಯ ಮೊಟ್ಟೆಗೂ ಹತ್ತು ದಿನದ ಅಂತರ ಇದ್ದರೂ ಮರಿ ಒಂದೇ ದಿನ ಬರುತ್ತವೆ.

ಮಗಳು ಒಂಬತ್ತಕ್ಕೂ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು 1ರಿಂದ 9ರ ತನಕ ಸಂಖ್ಯೆ ಬರೆದಳು. ಗೆರೆ ಆಟಕ್ಕಲ್ಲ. ಬೂದಿ ಎದ್ದು ಹೋದ ಹೊತ್ತು ನೋಡಿಕೊಂಡು ಬೇರೆ ಹೇಟೆಗಳು ಬಂದು ಅಲ್ಲೇ ಮೊಟ್ಟೆ ಇಟ್ಟು ಹೋಗುತ್ತವೆ, ಗೆರೆಯಿಲ್ಲದ್ದನ್ನು ಅವತ್ತೇ ತೆಗೆಯಬೇಕು.

ಜಾಗ ಬದಲಿಸುವುದು ರಾತ್ರಿಯೇ ಆಗಬೇಕು, ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ. ಮೈಗೆ ಹೇನಿನ ಪುಡಿ ಹಾಕಿ ಉಜ್ಜಿ (21 ದಿನ ಒಂದೇ ಕಡೆ ಕೂರುವ ಕೋಳಿಯನ್ನು ಹೇನು ತಿಂದೇ ಮುಗಿಸುತ್ತವೆ), ಸಾಮಾನಿನ ಕೋಣೆಯಲ್ಲಿ ಒಣಹುಲ್ಲು ಹಾಸಿದ ಅಗಲದ ಬುಟ್ಟಿಗೆ ತಂದು ಕೂರಿಸಿದೆ. ಬೆಳಿಗ್ಗೆ ನೋಡಿದರೆ ಬುಟ್ಟಿ ಖಾಲಿ. ಬೂದಿ ತನ್ನ ಹಳೆಯ ಗೂಡಿನಲ್ಲಿ ಬರೀ ಹುಲ್ಲಿನ ಮೇಲೆ ತಪಸ್ಸು ಮಾಡುತ್ತಾ ಕೂತಿತ್ತು! ಎರಡನೇ ರಾತ್ರಿ ಮತ್ತೆ ತಂದು, ಮೇಲೊಂದು ಗಾಳಿಯಾಡುವ ಪಂಜರ ಬೋರಲು ಹಾಕಿ, ಮೇಲೆ ಗೋಣಿಚೀಲ ಹೊದಿಸಿದೆ. ಒಂದು ದಿನ ಪೂರ್ತಿ ಹಾಗೇ ಬಿಟ್ಟ ಮೇಲೆ ಒಪ್ಪಿಕೊಂಡಿತು. ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಪಿಂಗ್‌ಪಾಂಗ್ ಚೆಂಡು ತೆಗೆದು ಒಂದೊಂದೇ ಮೊಟ್ಟೆ ಕೆಳಗೆ ತೂರಿಸಿದೆ. ಪ್ರತಿಯೊಂದನ್ನೂ ಕೊಕ್ಕಿನ ಕೆಳಭಾಗದಲ್ಲಿ ಎಳೆದುಕೊಂಡು, ಹೊಟ್ಟೆಯಡಿ ಸರಿಸಿ, ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿ ಇಳಿಯಿತು.

ಅಲ್ಲಿಂದ ನನಗೆ ಮಾಡಲು ಏನೂ ಇರಲಿಲ್ಲ. ಅದೇ ಕಷ್ಟ.

ದಿನಕ್ಕೊಂದು ಸಲ ಏಳುತ್ತಿತ್ತು. ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: 18 ನಿಮಿಷ, 22 ನಿಮಿಷ, 15 ನಿಮಿಷ. ಬುಟ್ಟಿಯಿಂದ ಇಳಿದು ಅಮಲೇರಿದವರಂತೆ ನಾಲ್ಕು ಹೆಜ್ಜೆ ಹಾಕಿ, ಆಮೇಲೆ ಒಮ್ಮೆಲೇ ಎಚ್ಚರವಾಗಿ, ಕಿರುಚುತ್ತಾ ಅಂಗಳಕ್ಕೆ ಓಡುತ್ತಿತ್ತು. ಮೊದಲು ಹಿಕ್ಕೆ. ಇಡೀ ದಿನದ್ದನ್ನು ತಡೆದಿಟ್ಟುಕೊಂಡು ಒಮ್ಮೆಗೇ ಹಾಕುವ ಆ ಹಿಕ್ಕೆಯ ಗಾತ್ರ, ವಾಸನೆ ಎರಡನ್ನೂ ನಾನು ವರ್ಣಿಸುವುದಿಲ್ಲ, ಕಾವು ಕೂರಿಸಿದವರಿಗೆ ಗೊತ್ತು. ಆಮೇಲೆ ಗಬಗಬ ತಿನ್ನುವುದು, ನೀರು, ಎರಡು ನಿಮಿಷ ಮಣ್ಣುಸ್ನಾನ, ಮತ್ತೆ ಓಟ. ಮೊಟ್ಟೆಗಳು ಅಷ್ಟು ಹೊತ್ತು ಆರಿದರೆ ಏನೂ ಆಗುವುದಿಲ್ಲ. ಒಂದೆರಡು ದಿನ ಅದು ಏಳಲೇ ಇಲ್ಲ, ಆಗ ನಾನೇ ಮೆಲ್ಲಗೆ ಎತ್ತಿ ಹೊರಗಿಟ್ಟೆ. ಎತ್ತುವಾಗ ರೆಕ್ಕೆಯಡಿ ಕೈ ಹಾಕಿ ನೋಡಬೇಕು, ಕಂಕುಳಲ್ಲಿ ಒಂದು ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ನೋಡದೆ ಎತ್ತಿದರೆ ಕಾಲು ಮೇಲೆ ಬಿದ್ದು ಒಡೆಯುತ್ತದೆ.

ಏಳನೇ ರಾತ್ರಿ ಬೆಳಕಿಗೆ ಹಿಡಿದು ನೋಡಿದೆವು. ಮೊಬೈಲ್ ಟಾರ್ಚಿನ ಮೇಲೆ ರಟ್ಟಿನ ಸುರುಳಿ ನಿಲ್ಲಿಸಿ, ಅದರ ಬಾಯಿಗೆ ಮೊಟ್ಟೆಯ ದುಂಡು ತುದಿ ಒತ್ತಿ, ಕೋಣೆಯ ದೀಪ ಆರಿಸಿದೆ. 1ನೇ ನಂಬರು ಕೆಂಪಗೆ ಹೊತ್ತಿಕೊಂಡಿತು. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಜೇಡದ ಕಾಲಿನ ಹಾಗೆ ರಕ್ತನಾಳಗಳು. ಚುಕ್ಕೆ ಅಲ್ಲಾಡಿತು. ಮಗಳು ಉಸಿರೇ ಬಿಡಲಿಲ್ಲ. "ಅಮ್ಮಾ, ಅದಕ್ಕೆ ನಾವು ಕಾಣ್ತೀವಾ?" ಅಂದಳು. ಆ ಕಪ್ಪು ಚುಕ್ಕೆ ಅದರ ಕಣ್ಣೇ ಅನ್ನುವುದನ್ನು ಆಮೇಲೆ ಹೇಳಿದೆ.

ಟಾರ್ಚ್ ಇಲ್ಲದ ಕಾಲದಲ್ಲಿ, ಈಗ್ಗೆ 2300 ವರ್ಷದ ಹಿಂದೆ, ಅರಿಸ್ಟಾಟಲ್ ಕಾವಿನಲ್ಲಿದ್ದ ಮೊಟ್ಟೆಗಳ ಒಳಗೆ ದಿನದಿಂದ ದಿನಕ್ಕೆ ಏನಾಗುತ್ತದೆಂದು ವಿವರಿಸಿದ್ದಾನೆ. ಮೂರು ದಿನ, ಮೂರು ರಾತ್ರಿ ಕಳೆದ ಮೇಲೆ ಬಿಳಿಯ ಭಾಗದಲ್ಲಿ ರಕ್ತದ ಚುಕ್ಕೆಯಂತೆ ಹೃದಯ ಕಾಣುತ್ತದೆ, ಜೀವವಿದ್ದಂತೆ ಮಿಡಿಯುತ್ತದೆ ಅಂತ ಬರೆದ. ದಿನಕ್ಕೊಂದು ಮೊಟ್ಟೆ ಒಡೆಯದೆ ಅದು ತಿಳಿಯುವಂತಿರಲಿಲ್ಲ. ಅವನ ಕೋಳಿ ಅವನನ್ನು ಎಷ್ಟು ಸಲ ಕುಕ್ಕಿತೋ.

ಏಳರಲ್ಲಿ ಜೇಡ ಕಂಡಿತು. 4ನೆಯದು ಪೂರ್ತಿ ತಿಳಿ, ಫಲವಾಗಿರಲೇ ಇಲ್ಲ, ತೆಗೆದೆ. 8ರದ್ದು ಅನುಮಾನ. ಅನುಮಾನ ಇದ್ದದ್ದನ್ನು ಬಿಸಾಡಬಾರದು ಅಂತ ಮೂರು ದಿನ ಬಿಟ್ಟು ಮತ್ತೆ ನೋಡಿದೆ. ಒಳಗೆ ಬಳೆಯ ಹಾಗೆ ಕೆಂಪು ಉಂಗುರ ಮಾತ್ರ. ಬೆಳೆಯಲು ತೊಡಗಿ ಸತ್ತದ್ದರ ಗುರುತು ಅದು. ಇಟ್ಟುಕೊಂಡಿದ್ದರೆ ಕೊಳೆತು, ಗ್ಯಾಸ್ ತುಂಬಿ ಗೂಡಿನಲ್ಲೇ ಸಿಡಿಯುತ್ತಿತ್ತು.

ಹನ್ನೆರಡನೇ ದಿನ ನಾನು ಆಫೀಸಿನಿಂದ ಬರುವಾಗ ಸಂಜೆ ಆರೂವರೆ. ಕೋಣೆಗೆ ಹೋದರೆ ಏಳು ಮೊಟ್ಟೆ ಮೇಲೆ ಕೋಳಿಯಿಲ್ಲದೆ ಬಿದ್ದಿವೆ, ಮುಟ್ಟಿದರೆ ನೆಲದಷ್ಟೇ ತಣ್ಣಗೆ. ಬೂದಿ ಎಲ್ಲಿ? ಹೊರಗಿನ ಹಳೆಯ ಗೂಡಿನಲ್ಲಿ, ಕೆಂಪು ಹೇಟೆ ಅವತ್ತು ಇಟ್ಟಿದ್ದ ಒಂದೇ ಒಂದು ಮೊಟ್ಟೆಯ ಮೇಲೆ, ಅದೇ ರೊಟ್ಟಿಯ ಭಂಗಿಯಲ್ಲಿ. ಮಣ್ಣುಸ್ನಾನ ಮುಗಿಸಿ ದಾರಿ ತಪ್ಪಿ ಹಳೆಯ ಅಭ್ಯಾಸದ ಮನೆಗೆ ಹೋಗಿದೆ. ಕೋಣೆಯ ಬಾಗಿಲು ಮುಚ್ಚದೆ ಹೋದವಳು ನಾನೇ. ಅದು ಮೂರೂವರೆಗೆ ಎದ್ದದ್ದನ್ನು ಅಮ್ಮ ನೋಡಿದ್ದಳು, ಅಂದರೆ ಮೂರು ಗಂಟೆ.

"ಹೋಯ್ತು," ಅಂದೆ.

"ನೀನು ಯಾರು ಹೋಯ್ತು ಅನ್ನಕ್ಕೆ? ಮೊದ್ಲು ತಂದು ಕೂರ್ಸು," ಅಂದಳು ಅಮ್ಮ.

ಕೂರಿಸಿದೆ. ತಣ್ಣನೆಯ ಮೊಟ್ಟೆ ಹೊಟ್ಟೆಗೆ ತಾಗಿದಾಗ ಬೂದಿ ಒಮ್ಮೆ ಎದ್ದು ನಿಂತಿತು, ಬಗ್ಗಿ ನೋಡಿತು, ಒಂದೊಂದನ್ನೇ ಕೊಕ್ಕಿನಿಂದ ಉರುಳಿಸಿತು, ಮತ್ತೆ ಕೂತಿತು. ಮರುದಿನ ರಾತ್ರಿ ಬೆಳಕಿಗೆ ಹಿಡಿಯುವಾಗ ನನ್ನ ಕೈ ನಡುಗುತ್ತಿತ್ತು. 1, ಅಲ್ಲಾಡಿತು. 2, ಅಲ್ಲಾಡಿತು. 3 ಸುಮ್ಮನಿತ್ತು, ಇನ್ನೇನು ಕೆಳಗಿಡಬೇಕು ಅನ್ನುವಾಗ ಒಳಗಿನಿಂದ ಒದೆಯಿತು. ಏಳೂ ಬದುಕಿದ್ದವು. ಇನ್‌ಕ್ಯುಬೇಟರಿನ ಮುಂದೆ ಅರ್ಧ ಡಿಗ್ರಿಗೆ ನಿದ್ದೆ ಕೆಟ್ಟುಕೊಂಡಿದ್ದ ನನಗೆ ಇದನ್ನು ಜೀರ್ಣಿಸಿಕೊಳ್ಳಲು ಹೊತ್ತು ಹಿಡಿಯಿತು. ಮೊಟ್ಟೆ ಹೆಚ್ಚಿನ ಬಿಸಿಗೆ ಬೇಗ ಸಾಯುತ್ತದೆ, ಒಂದಷ್ಟು ಹೊತ್ತಿನ ತಂಪನ್ನು ತಡೆದುಕೊಳ್ಳುತ್ತದೆ.

ಹದಿನೆಂಟರ ನಂತರ ನಾನು ಮುಟ್ಟಲಿಲ್ಲ. ಬೂದಿಯೂ ಏಳುವುದನ್ನು ನಿಲ್ಲಿಸಿತು.

ಇಪ್ಪತ್ತನೇ ದಿನ, ಶನಿವಾರ ಸಂಜೆ. ನೀರಿನ ಬಟ್ಟಲು ಹತ್ತಿರ ಸರಿಸಲು ಹೋದವಳಿಗೆ ಒಂದು ಸದ್ದು ಕೇಳಿತು. ಚಿಂವ್. ತೀರಾ ದೂರದಿಂದ, ಗೋಡೆಯಾಚೆಯಿಂದ ಬಂದ ಹಾಗೆ. ಕಿವಿಯನ್ನು ಬೂದಿಯ ರೆಕ್ಕೆಯ ಹತ್ತಿರ ತಂದೆ, ಅದು ಕುಕ್ಕಲಿಲ್ಲ. ಅದರ ಗಮನ ನನ್ನ ಮೇಲೆ ಇರಲೇ ಇಲ್ಲ. ತಲೆ ವಾರೆ ಮಾಡಿ ತನ್ನ ಎದೆಯ ಕಡೆಗೇ ನೋಡುತ್ತಿತ್ತು. ಒಳಗಿನಿಂದ ಚಿಂವ್ ಅಂದಾಗ ಮೇಲಿನಿಂದ ಕೊಕ್ ಅನ್ನುತ್ತಿತ್ತು, ಬಾಯಿ ಮುಚ್ಚಿಕೊಂಡೇ, ಗಂಟಲ ಆಳದಲ್ಲಿ. ಇಪ್ಪತ್ತು ದಿನ ಅದು ಆ ಸದ್ದು ಮಾಡಿದ್ದನ್ನು ನಾನು ಕೇಳಿರಲಿಲ್ಲ. ಮೊಟ್ಟೆಯ ದುಂಡು ತುದಿಯಲ್ಲಿ ಗಾಳಿಯ ಗೂಡೊಂದಿರುತ್ತದೆ. ಮರಿ ಮೊದಲು ಕೊಕ್ಕಿನಿಂದ ಆ ಪೊರೆ ಹರಿದು, ಅಲ್ಲಿನ ಗಾಳಿಯಲ್ಲಿ ಮೊದಲ ಉಸಿರು ಎಳೆಯುತ್ತದೆ. ಶ್ವಾಸ ಬಂದ ಮೇಲೆ ದನಿಯೂ ಬಂತು. ಚಿಪ್ಪು ಒಡೆಯುವ ಮೊದಲೇ ಅಮ್ಮನ ದನಿ ಅದಕ್ಕೆ ಪರಿಚಯ.

ಭಾನುವಾರ ಬೆಳಿಗ್ಗೆ ಬುಟ್ಟಿಯ ಅಂಚಿನಲ್ಲಿ ಅರ್ಧ ಚಿಪ್ಪು ಬಿದ್ದಿತ್ತು, ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಸಾಪು. ಮರಿ ಒಳಗೇ ಸುತ್ತುತ್ತಾ, ಕೊಕ್ಕಿನ ತುದಿಯಲ್ಲಿರುವ ಸಣ್ಣ ಗಟ್ಟಿ ಮುಳ್ಳಿನಿಂದ ಚಿಪ್ಪಿಗೆ ವೃತ್ತಾಕಾರ ಗೀರು ಹಾಕಿ, ಕಾಲಿನಿಂದ ಮುಚ್ಚಳ ಒದ್ದು ಹೊರಬರುತ್ತದೆ. ಆ ಮುಳ್ಳು ಕೆಲವೇ ದಿನದಲ್ಲಿ ಉದುರಿಹೋಗುತ್ತದೆ. ಎಂಟು ಗಂಟೆಗೆ ಬೂದಿಯ ರೆಕ್ಕೆಯ ಸಂದಿಯಿಂದ ಹಳದಿ ತಲೆಯೊಂದು ಇಣುಕಿ ಒಳಗೆ ಹೋಯಿತು. ಮಗಳು ಊಟದ ವಿಷಯವನ್ನೂ ಮರೆತು ಬಾಗಿಲಲ್ಲೇ ಕೂತಳು. ಸಂಜೆಗೆ ಐದು.

ಹೊರಬಂದ ಮರಿಗೆ ಒಂದೆರಡು ದಿನ ತಿನ್ನಲು ಕುಡಿಯಲು ಏನೂ ಬೇಡ. ಹೊರಬರುವ ಸ್ವಲ್ಪ ಮೊದಲು ಮೊಟ್ಟೆಯ ಉಳಿದ ಹಳದಿ ಲೋಳೆಯನ್ನು ಹೊಕ್ಕುಳಿನ ಮೂಲಕ ಹೊಟ್ಟೆಗೆ ಎಳೆದುಕೊಂಡಿರುತ್ತದೆ, ಅದೇ ಬುತ್ತಿ. ಆ ಬುತ್ತಿ ಇರುವುದರಿಂದಲೇ ಮೊದಲು ಹುಟ್ಟಿದವು ತಾಯಿಯಡಿ ಸುಮ್ಮನಿದ್ದು ಹಿಂದಿನವರಿಗೆ ಕಾಯಬಲ್ಲವು. ಆದರೆ ತಾಯಿಯೂ ಎಷ್ಟು ಅಂತ ಕಾಯುತ್ತದೆ? ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬೂದಿ ಎದ್ದು, ಐದು ಮರಿ ಕರೆದುಕೊಂಡು ಬುಟ್ಟಿ ಇಳಿಯಿತು. ಹುಲ್ಲಿನ ಮೇಲೆ 3 ಮತ್ತು 6 ಉಳಿದವು. 6ರ ಚಿಪ್ಪಿನಲ್ಲಿ ಸಾಸಿವೆಗಿಂತ ದೊಡ್ಡ ತೂತು, ಒಳಗಿನಿಂದ ಸಣ್ಣ ದನಿ. ಆ ತೂತು ಹಿಂದಿನ ದಿನ ಮಧ್ಯಾಹ್ನದಿಂದಲೂ ಅಷ್ಟೇ ಇತ್ತು.

ಹದಿನೆಂಟು ಗಂಟೆ. ನನ್ನ ಉಗುರು ತುರಿಸುತ್ತಿತ್ತು. ಹಳೆಯ ಅಂಗೈಯ ನೆನಪೂ ಇತ್ತು. ಅಮ್ಮನ ಮುಖ ನೋಡಿದೆ, ಯಾವತ್ತೂ 'ಮುಟ್ಟಬೇಡ' ಅನ್ನುವವಳು ಈ ಸಲ, "ಅದು ಬಿಟ್ಟು ಹೋಯ್ತಲ್ಲ, ಇನ್ನು ನಿಂದೇ," ಅಂದಳು. ಚಿಪ್ಪಿಗೆ ಕೈ ಹಚ್ಚಲಿಲ್ಲ. ಕಾವಷ್ಟೇ ಕೊಟ್ಟೆ. ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ, ಸುತ್ತ ಬಟ್ಟೆ, ಮೇಲೆ ಬಲ್ಬು, ಪಕ್ಕದಲ್ಲಿ ಒದ್ದೆ ಮಾಡಿ ಹಿಂಡಿದ ಕರವಸ್ತ್ರ, ಥರ್ಮಾಮೀಟರು. ಆಫೀಸಿಗೆ ರಜೆ ಹಾಕಿ, ಕಾರಣ 'ಮನೆಯಲ್ಲಿ ತುರ್ತು ಕೆಲಸ' ಅಂತ ಬರೆದೆ. ತೂತು ಬಿದ್ದ ಮೇಲೆ ಮರಿ ಸುಮ್ಮನಿದ್ದಂತೆ ಕಂಡರೂ ಸುಮ್ಮನಿರುವುದಿಲ್ಲ, ಪೊರೆಯ ರಕ್ತವನ್ನೂ ಉಳಿದ ಹಳದಿ ಲೋಳೆಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಎರಡು ವರ್ಷದ ಹಿಂದೆ ನಾನು ಹರಿದದ್ದು ಈ ಕೆಲಸದ ನಡುವೆ. ಒಂದೂಕಾಲಿಗೆ 6 ಗೀರಲು ಶುರುಮಾಡಿತು, ಎರಡು ಗಂಟೆಗೆ ಹೊರಗಿತ್ತು, ಒದ್ದೆಯಾಗಿ, ಕುರೂಪಿಯಾಗಿ, ಕತ್ತು ಎತ್ತಲಾರದೆ. ರಾತ್ರಿ ಕತ್ತಲಲ್ಲಿ ಬೂದಿಯ ಹಿಂದಿನಿಂದ ಕೈ ತೂರಿಸಿ ಸೇರಿಸಿದೆ. ಕೊಕ್ ಅಂತು, ಅಷ್ಟೇ. ಕೋಳಿಗೆ ಐದು ಆರರ ಲೆಕ್ಕ ಬರುವುದಿಲ್ಲ, ಪುಣ್ಯ.

3ನ್ನು ಮಂಗಳವಾರ ಒಡೆದು ನೋಡಿದೆ. ಪೂರ್ತಿ ಬೆಳೆದ ಮರಿ, ಆದರೆ ತಲೆ ಚೂಪು ತುದಿಯ ಕಡೆಗಿತ್ತು. ಗಾಳಿಯ ಗೂಡು ಇನ್ನೊಂದು ತುದಿಯಲ್ಲಿ.

ಮರಿ ಸಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಬೂದಿಯದ್ದೇ. ಯಂತ್ರದ ಮರಿಗಳಿಗೆ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುವುದು ಅಂತ ಬಲ್ಬು ಏರಿಸಿ ಇಳಿಸಿ ಸಾಕಾಗಿತ್ತು. ಇಲ್ಲಿ ಚಳಿಯಾದದ್ದು ಒಳಗೆ ನುಗ್ಗುತ್ತದೆ, ಸೆಕೆಯಾದದ್ದು ಹೊರಗೆ ಬರುತ್ತದೆ, ಮುಗಿಯಿತು. ನಾನು ನೋಡಿಕೊಳ್ಳಬೇಕಾದದ್ದು ಮೇವು ನೀರು. ದೊಡ್ಡ ಕೋಳಿಗಳ ಮೊಟ್ಟೆ ಮೇವನ್ನು ಮರಿಗೆ ಹಾಕಬಾರದು, ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ನೂರಕ್ಕೆ ನಾಲ್ಕರ ಹತ್ತಿರ ಇರುತ್ತದೆ, ಮರಿಗೆ ಒಂದು ಸಾಕು, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ತಾಯಿಗೆ ಬೇರೆ ಮರಿಗೆ ಬೇರೆ ಅಂತ ತಟ್ಟೆ ಇಡುವುದು ಆಗದ ಮಾತು, ಹಾಗಾಗಿ ಎಲ್ಲರಿಗೂ ಮರಿಗಳ ಪುಡಿ ಮೇವು. ಹೇಗೂ ಬೂದಿ ಮೊಟ್ಟೆ ಇಡುತ್ತಿರಲಿಲ್ಲ. ಏಳನೇ ದಿನ ಕೊಕ್ಕರೆ ರೋಗದ (ಕೋಳಿಗಳಿಗೆ ಬರುವ ರಾಣಿಖೇತ್ ಕಾಯಿಲೆ) ಲಸಿಕೆ, ಕಣ್ಣಿಗೆ ಒಂದು ಹನಿ. ಮರಿ ಹಿಡಿಯುವುದು ಸುಲಭ, ತಾಯಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಬೂದಿ ಕಾಳು ಕಂಡರೆ ತಿನ್ನುತ್ತಿರಲಿಲ್ಲ. ಎತ್ತಿ, ಬಿಟ್ಟು, ಮತ್ತೆ ಎತ್ತಿ, 'ತುಕ್ ತುಕ್ ತುಕ್' ಅಂತ ಬೇಗ ಬೇಗ ಕರೆಯುತ್ತಿತ್ತು. ಆರೂ ಓಡಿ ಬಂದು ಆ ಕೊಕ್ಕಿನ ತುದಿಯನ್ನೇ ಕುಕ್ಕುತ್ತಿದ್ದವು. ಬೆಕ್ಕು ಕಂಡಾಗಿನ ಕೂಗು ಬೇರೆ, ಒಡೆದ ತಮಟೆಯ ಹಾಗೆ ಬಿಡದೆ ಬಡಿಯುವ ಗದ್ದಲ, ಆಗ ಮರಿಗಳು ಅದರ ಹಿಂದೆ ಹೋಗುತ್ತಿದ್ದವು. ಆಕಾಶದಲ್ಲಿ ಹದ್ದು ಕಂಡರೆ ಒಂದೇ ಒಂದು ಸಣ್ಣ, ಎಳೆದ ದನಿ, ಎಲ್ಲಿಂದ ಬಂತೆಂದು ನನಗೂ ತಿಳಿಯುತ್ತಿರಲಿಲ್ಲ. ಅದು ಕೇಳಿದ ಕ್ಷಣ ಮರಿಗಳು ಇದ್ದಲ್ಲೇ ಕಲ್ಲು. ಒಂದು ಸಲ ಕಾಗೆ ಅಂಗಳಕ್ಕೆ ಇಳಿಯಿತು. ಬೂದಿ ನೆಲದಿಂದ ನಾಲ್ಕಡಿ ಎಗರಿ ಅದನ್ನು ಎದೆಯಿಂದ ಗುದ್ದಿತು. ಎಲ್ಲರ ಕೈಲಿ ಕುಕ್ಕಿಸಿಕೊಳ್ಳುತ್ತಿದ್ದ ಕೋಳಿ! ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವ ಸಾಲು ಇದೆಯೆಂದು ಸುಮಾರು 1920ರ ಹೊತ್ತಿಗೆ ಬರೆದು ತೋರಿಸಿದವನು ನಾರ್ವೆಯ ಷೆಲ್ಡೆರುಪ್ ಎಬ್ಬೆ, ಸಣ್ಣ ಹುಡುಗನಾಗಿದ್ದಾಗಿಂದ ಕೋಳಿ ನೋಡಿಕೊಂಡು ಕೂತಿದ್ದವನು. ನಮ್ಮ ಸಾಲಿನ ಕಟ್ಟಕಡೆಯ ಬೂದಿ ಆ ಎರಡು ತಿಂಗಳು ಹುಂಜವನ್ನೂ ತಟ್ಟೆಯಿಂದ ಓಡಿಸಿತು.

ಕಾಗೆಯಿಂದ, ಬೆಕ್ಕಿನಿಂದ ಅದು ಕಾಪಾಡಿದ ಮರಿಯನ್ನು ನಾನು ಕಳೆದೆ. ಮರಿಗಳಿಗೆ ಅಂತ ಗೋಲಿಗಾತ್ರದ ಕಲ್ಲು ತುಂಬಿದ ಚಪ್ಪಟೆ ತಟ್ಟೆಯಲ್ಲಿ ನೀರಿಡುತ್ತಿದ್ದೆ. ಒಂಬತ್ತನೇ ದಿನ ದೊಡ್ಡ ಕೋಳಿಗಳ ಬೋಗುಣಿಯನ್ನು ತೊಳೆದು ತುಂಬಿಸಿ, ಫೋನು ಬಂತು ಅಂತ ಅಲ್ಲೇ ಇಟ್ಟು ಒಳಗೆ ಹೋದೆ. ಹತ್ತು ನಿಮಿಷ. ಬಂದಾಗ ಬೋಗುಣಿಯಲ್ಲಿ ಕಂದು ಗೆರೆಯ ಮರಿ ತೇಲುತ್ತಿತ್ತು. ನೀರು ನಾಲ್ಕು ಬೆರಳು ಆಳ ಇರಲಿಲ್ಲ. ಒರೆಸಿದೆ, ತಲೆಕೆಳಗೆ ಮಾಡಿದೆ, ಉಜ್ಜಿದೆ. ಬೂದಿ ಐದನ್ನು ಕರೆದುಕೊಂಡು ಬೇಲಿಯ ಆಚೆ ಕೆದಕುತ್ತಿತ್ತು, ತಿರುಗಿ ನೋಡಲಿಲ್ಲ. ದನಿ ಕೇಳಿದರೆ ಹುಡುಕುತ್ತದೆ, ಮುಳುಗಿದ್ದು ದನಿ ಮಾಡಿರುವುದಿಲ್ಲ. ಅದು 6ನೇ ನಂಬರಿನದ್ದಲ್ಲ ಅಂತ ಮಗಳು ಖಾತ್ರಿ ಮಾಡಿಕೊಂಡಳು, ಆಮೇಲೆ ಅತ್ತಳು. ಅಮ್ಮ ಏನೂ ಅನ್ನಲಿಲ್ಲ. ಬೋಗುಣಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟಳು.

ನಾಲ್ಕನೇ ವಾರ ಒಂದು ಮರಿ ರೆಕ್ಕೆ ಇಳಿಬಿಟ್ಟು ಮಂಕಾಗಿ ನಿಂತಿತು, ಹಿಕ್ಕೆಯಲ್ಲಿ ರಕ್ತ. ಕಾಕ್ಸಿಡಿಯಾ, ಕರುಳಿಗೆ ತಗಲುವ ಸೂಕ್ಷ್ಮ ಪರಾವಲಂಬಿ. ಮಳೆಗೆ ನೆಲದ ಹಾಸು ಒದ್ದೆಯಾದದ್ದನ್ನು ನಾನು ಎರಡು ದಿನ ಬದಲಿಸಿರಲಿಲ್ಲ. ಪಶುವೈದ್ಯರು ಕೊಟ್ಟ ಔಷಧವನ್ನು ಐದು ದಿನ ಕುಡಿಯುವ ನೀರಿನಲ್ಲಿ ಬೆರೆಸಿ ಎಲ್ಲಕ್ಕೂ ಕೊಟ್ಟೆ, ಹಾಸು ತೆಗೆದು ಒಣದ್ದು ಹಾಕಿದೆ. ಉಳಿಯಿತು.

ಆರನೇ ವಾರಕ್ಕೆ ಮೂರರ ಜುಟ್ಟು ಕೆಂಪಾಗತೊಡಗಿತು. ಎರಡರದ್ದು ಮಾಸಲು. ಮೂರು ಹುಂಜ, ಎರಡು ಹೇಟೆ. 6ನೇ ನಂಬರು ಹುಂಜ. ಮೂರು ಹುಂಜ ಇಟ್ಟುಕೊಂಡು ಏನು ಮಾಡುವುದು ಅನ್ನುವ ಪ್ರಶ್ನೆಯನ್ನು ಮನೆಯಲ್ಲಿ ಇನ್ನೂ ಯಾರೂ ಗಟ್ಟಿಯಾಗಿ ಕೇಳಿಲ್ಲ.

ಒಂಬತ್ತನೇ ವಾರದ ಒಂದು ಮಧ್ಯಾಹ್ನ ಬೂದಿ ಕಾಳು ಎತ್ತಿ, ಕರೆಯದೆ, ತಾನೇ ನುಂಗಿತು. ಹತ್ತಿರ ಬಂದ ಮರಿಗೆ ತಲೆಯ ಮೇಲೆ ಕುಕ್ಕಿತು. ಮರಿ ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಬಂತು, ಮತ್ತೆ ಕುಕ್ಕಿಸಿಕೊಂಡಿತು. ಅವತ್ತು ಸಂಜೆ ಬೂದಿ ನೆಲದ ಬುಟ್ಟಿಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಮೊದಲ ಸಲ ಅಡ್ಡಕೋಲಿಗೆ ಹಾರಿ, ಸಾಲಿನ ತುದಿಯಲ್ಲಿ, ಕೆಂಪು ಹೇಟೆಯ ಪಕ್ಕ ಕೂತಿತು. ಕೆಂಪು ಹೇಟೆ ಒಮ್ಮೆ ಕುಕ್ಕಿತು, ಬೂದಿ ಸರಿದು ಜಾಗ ಕೊಟ್ಟಿತು.

ಕೆಳಗೆ ಐದೂ ಕತ್ತೆತ್ತಿ ಚಿಂವ್‌ಗುಟ್ಟುತ್ತಾ ನಿಂತಿದ್ದವು. ನಾನು ಒಂದೊಂದನ್ನೇ ಎತ್ತಿ ಮೇಲಿಡೋಣ ಅಂತ ಬಗ್ಗಿದೆ. ಅಷ್ಟರಲ್ಲಿ 6ನೇ ನಂಬರು ಮೇವಿನ ಡಬ್ಬದ ಮೇಲೆ ಹಾರಿ, ಅಲ್ಲಿಂದ ಕೋಲಿಗೆ ಹಾರಿ, ತಪ್ಪಿ, ಹುಲ್ಲಿನ ಮೇಲೆ ಬೆನ್ನಡಿಯಾಗಿ ಬಿತ್ತು. ಎದ್ದು ಮೈ ಕೊಡವಿಕೊಂಡು ಮತ್ತೆ ಡಬ್ಬ ಹತ್ತಿತು. ನಾನು ಡಬ್ಬವನ್ನು ಅರ್ಧ ಅಡಿ ಕೋಲಿನ ಕಡೆಗೆ ಸರಿಸಿ ಹೊರಗೆ ಬಂದು ಬಾಗಿಲು ಹಾಕಿದೆ.